ಬೆಂಗಳೂರಿಗೆ ಬರಬಹುದಾ? ಮೊದಲು ಆಫೀಸ್ ಎಲ್ಲಿ ಅಂತ ಹೇಳಿ

ಮನೆ ಖರ್ಚು, ಸಾಲ, ಉಳಿತಾಯದ ಬಗ್ಗೆ ಕುಟುಂಬಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಏಪ್ರಿಲ್, ಮೇ ಬಂತೆಂದರೆ ಶಿವಮೊಗ್ಗ, ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಒಂದೇ ಥರದ ಫೋನ್ ಬರುತ್ತದೆ. "ಸರ್, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಸಂಬಳ ಜಾಸ್ತಿ, ಫ್ಯಾಮಿಲಿ ಕರ್ಕೊಂಡು ಬರಬಹುದಾ?" ಆಫೀಸ್ ಎಲ್ಲಿ ಅಂತ ನಾನು ಕೇಳುತ್ತೇನೆ. "ಬೆಂಗಳೂರೇ ಸರ್" ಅನ್ನುತ್ತಾರೆ. ಅಷ್ಟು ಹೇಳಿದರೆ ಲೆಕ್ಕ ಶುರು ಮಾಡುವುದಕ್ಕೇ ಆಗುವುದಿಲ್ಲ.

ಯಾಕೆಂದರೆ ಈ ಊರು ಅಷ್ಟು ದೊಡ್ಡದು. ಮೆಟ್ರೋದ ನೇರಳೆ ಮಾರ್ಗ ಒಂದೇ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್ ದಾಟುತ್ತದೆ. ಕೆಂಗೇರಿಯಲ್ಲಿ ಮನೆ ಮಾಡಿ ಯಶವಂತಪುರದಲ್ಲಿ ಕೆಲಸ ಮಾಡುವವರ ಬದುಕೇ ಬೇರೆ, ಅದೇ ಕೆಂಗೇರಿಯಿಂದ ದಿನಾ ಸರ್ಜಾಪುರ ರಸ್ತೆಗೆ ಹೋಗಿ ಬರುವವರ ಬದುಕೇ ಬೇರೆ. ಇಬ್ಬರಿಗೂ ಬಾಡಿಗೆ ಒಂದೇ ಇರಬಹುದು, ಆದರೆ ಎರಡನೆಯವರು ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಹಾಗಾಗಿ ಆಫೀಸ್, ಮಕ್ಕಳ ಶಾಲೆ, ಮನೆ ಈ ಮೂರನ್ನೂ ಮ್ಯಾಪಿನಲ್ಲಿ ಗುರುತು ಮಾಡಿ. ವಾರದ ಮಧ್ಯೆ ಒಂದು ದಿನ ಬಂದು ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಸಂಜೆ ಆರಕ್ಕೆ ವಾಪಸ್ ಬನ್ನಿ. ಭಾನುವಾರ ಮನೆ ನೋಡಲು ಬಂದು "ಇಪ್ಪತ್ತೇ ನಿಮಿಷ ಸರ್" ಅಂದವರು ಆಮೇಲೆ ತುಂಬಾ ಒದ್ದಾಡುತ್ತಾರೆ.

ಇನ್ನೊಂದು ಮಾತು. ಇವತ್ತು ಓಡುತ್ತಿರುವ ಮೆಟ್ರೋವನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಹಳದಿ ಮಾರ್ಗ ಇನ್ನೇನು ಬಂತು ಅಂತ ನಂಬಿ ಬೊಮ್ಮಸಂದ್ರದ ಕಡೆ ಮನೆ ಮಾಡಿದವರು ವರ್ಷಗಟ್ಟಲೆ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಕಾದರು. ಅದು ಓಡಿದ್ದು 2025ರ ಆಗಸ್ಟ್‌ನಲ್ಲಿ.

ಈಗ ದುಡ್ಡಿನ ವಿಷಯ. ಒಂದು ಉದಾಹರಣೆ ಹೇಳುತ್ತೇನೆ, ಅಂಕಿಗಳು ಸುಮ್ನೆ ಲೆಕ್ಕಕ್ಕೆ. ಶಿವಮೊಗ್ಗದಲ್ಲಿ ಗಂಡನಿಗೆ 45,000 ಸಂಬಳ, ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, 15,000. ಮನೆ ಸ್ವಂತದ್ದು, ಅಪ್ಪ ಅಮ್ಮ ಜೊತೆಗಿದ್ದಾರೆ. ಬೆಂಗಳೂರಿನ ಕೆಲಸಕ್ಕೆ ಕೈಗೆ 80,000 ಬರುತ್ತದೆ. ಕೇಳೋಕೆ ದೊಡ್ಡ ಏರಿಕೆ ಅಲ್ವಾ? ಬಾಡಿಗೆ 25,000, ಮೇಂಟೆನೆನ್ಸ್ 3,000 ಕಳೆಯಿರಿ, ಉಳಿದದ್ದು 52,000. ಅಲ್ಲಿ ಇಬ್ಬರ ದುಡಿಮೆ ಸೇರಿ 60,000 ಇತ್ತು. ಅಂದರೆ ಶಾಲೆ ಫೀಸು, ವ್ಯಾನು, ಪೆಟ್ರೋಲು, ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುವ ಖರ್ಚು ಯಾವುದೂ ಸೇರುವ ಮೊದಲೇ 8,000 ಕಡಿಮೆ. ಇಂಥ ಲೆಕ್ಕ ಬಂದರೆ ನಾನು ಈಗ ಬೇಡ ಅಂತಲೇ ಹೇಳುತ್ತೇನೆ. ಹೆಂಡತಿಗೂ ಇಲ್ಲಿ ಕೆಲಸ ಖಾತ್ರಿಯಾದರೆ ಮತ್ತೆ ಕೂತು ನೋಡೋಣ. ಆಕೆಯ ಸಂಬಳವನ್ನು "ಅದೇನು ಬಿಡಿ ಸರ್" ಅಂತ ಲೆಕ್ಕದಿಂದ ಹೊರಗಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆ ದುಡ್ಡಲ್ಲೇ ಮನೆಯ ಚೀಟಿ, ಮಕ್ಕಳ ಫೀಸು ನಡೆಯುತ್ತಿರುತ್ತದೆ.

ಇದರ ಮೇಲೆ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಇಲ್ಲಿನ ಹಳೇ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳೂ ಇದ್ದಾರೆ, ಚೌಕಾಸಿ ಮಾಡಲು ನಾಚಿಕೆ ಬೇಡ. 25,000 ಬಾಡಿಗೆಗೆ ಹತ್ತು ತಿಂಗಳು ಅಂದರೆ ಎರಡೂವರೆ ಲಕ್ಷ, ಬಡ್ಡಿಯಿಲ್ಲದೆ ಕೂತಿರುತ್ತದೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, ಅದು ಅಗ್ರಿಮೆಂಟ್‌ನಲ್ಲಿ ಹೇಗೆ ಬರೆದಿದೆ ಅಂತ ಸಹಿ ಹಾಕುವ ಮುಂಚೆ ಓದಿ. ಬಾಡಿಗೆ ಉಳಿಯುತ್ತೆ ಅಂತ ಹದಿನೈದು ಇಪ್ಪತ್ತು ಲಕ್ಷ ಕೊಟ್ಟು ಲೀಸ್‌ಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಓನರ್ ಕಟ್ಟದಿದ್ದರೆ ಬ್ಯಾಂಕಿನವರು ಬಂದು ನೋಟಿಸ್ ಅಂಟಿಸುತ್ತಾರೆ, ಆಗ ನಿಮ್ಮ ದುಡ್ಡಿಗಾಗಿ ನೀವೇ ಅಲೆಯಬೇಕು. ಮನೆಯ ಮೇಲೆ ಸಾಲ, ಅಡಮಾನ ನೋಂದಣಿಯಾಗಿದೆಯಾ ಅಂತ ತೋರಿಸುವ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ. ಒಂದು ವರ್ಷ ಮೀರಿದ ಲೀಸ್ ಆದರೆ ನೋಂದಣಿ ಮಾಡಿಸಲೇಬೇಕು, ಅದು ಕಾನೂನು.

ನೀರಿನ ಬಗ್ಗೆ ಕೇಳದೆ ಅಡ್ವಾನ್ಸ್ ಕೊಡಲೇಬೇಡಿ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮೇಲೆತ್ತುತ್ತಾರೆ. ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗಾಗಿ ಐದನೇ ಹಂತದ ಯೋಜನೆ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಲಕ್ಷಗಟ್ಟಲೆ ಸಂಬಳದ ಮನೆಗಳಲ್ಲೂ ಜನ ಟ್ಯಾಂಕರ್‌ಗೆ ಕಾಯುತ್ತಿದ್ದರು. ಏರಿಯಾಕ್ಕೆ ಪೈಪ್ ಬಂದಿದ್ದರೂ ನೀವು ನೋಡಿದ ಬಿಲ್ಡಿಂಗ್ ಕನೆಕ್ಷನ್ ತಗೊಂಡಿದೆಯಾ, ವಾರಕ್ಕೆ ಎಷ್ಟು ದಿನ ನೀರು ಬಿಡುತ್ತಾರೆ, ಸಂಪ್ ಎಷ್ಟು ಲೀಟರಿನದು, ಟ್ಯಾಂಕರ್ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರಿದೆಯಾ ಇಲ್ಲವಾ, ಇಷ್ಟನ್ನೂ ಓನರ್ ಹತ್ತಿರ ಅಲ್ಲ, ಅಲ್ಲಿರುವ ಬಾಡಿಗೆದಾರರ ಹತ್ತಿರ ಕೇಳಿ. "ಮಾರ್ಚ್‌ನಲ್ಲಿ ಹೇಗಿತ್ತು ಅಕ್ಕಾ?" ಅಂದರೆ ಸಾಕು, ಎಲ್ಲಾ ಹೇಳುತ್ತಾರೆ.

ಮಳೆಗಾಲದ್ದನ್ನೂ ಅವರನ್ನೇ ಕೇಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಬೇಕಾಯಿತು. ಹತ್ತಿರದಲ್ಲಿ ಮಳೆನೀರು ಹರಿಯುವ ರಾಜಕಾಲುವೆ ಇದ್ದರೆ, ಮನೆ ತಗ್ಗಿನಲ್ಲಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೇಡ.

ಹಾಗಂತ ಎಲ್ಲರಿಗೂ ಬೇಡ ಅನ್ನುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಕ್ಷೇತ್ರದಲ್ಲಿದ್ದರೆ, ಒಂದು ಕಡೆ ಕೆಲಸ ಹೋದರೂ ಇನ್ನೊಂದು ಸಿಗುವ ಊರು ಇದು. ಮನೆಯಲ್ಲಿ ಹೃದಯದ ತೊಂದರೆಯೋ ಕ್ಯಾನ್ಸರೋ ಇದ್ದು ಜಯದೇವ, ಕಿದ್ವಾಯಿ ಆಸ್ಪತ್ರೆಗಳಿಗೆ ಪದೇ ಪದೇ ಬರಬೇಕಾದವರಿಗೆ ಸಂಬಳದ ಲೆಕ್ಕ ಸ್ವಲ್ಪ ತಪ್ಪಿದರೂ ಬನ್ನಿ ಅಂತ ನಾನೇ ಹೇಳಿದ್ದೇನೆ. ಬರುವವರು ತಮ್ಮ ಊರಿನ ದಿಕ್ಕಿಗೆ ಹತ್ತಿರವಾಗುವ ಏರಿಯಾ ನೋಡುವುದೂ ಒಳ್ಳೆಯದು. ತುಮಕೂರು, ಶಿವಮೊಗ್ಗ, ಹುಬ್ಬಳ್ಳಿಯವರಿಗೆ ಯಶವಂತಪುರ, ಪೀಣ್ಯ ಕಡೆ ಅನುಕೂಲ. ಮೈಸೂರು, ಮಂಡ್ಯದವರಿಗೆ ಸ್ಯಾಟಲೈಟ್ ಬಸ್ ನಿಲ್ದಾಣದ ಆಸುಪಾಸು. ರಾತ್ರೋರಾತ್ರಿ ಊರಿಂದ ಫೋನ್ ಬಂದಾಗ ಅಥವಾ ಹಬ್ಬದ ಹಿಂದಿನ ಸಂಜೆ ಹೊರಡುವಾಗ ಪೂರ್ತಿ ಬೆಂಗಳೂರು ದಾಟಬೇಕಾಗುವುದಿಲ್ಲ.

ಸಾಧ್ಯವಾದರೆ ಕೆಲಸ ಸಿಕ್ಕವರು ಮೊದಲು ಒಬ್ಬರೇ ಬಂದು ಆಫೀಸಿನ ಹತ್ತಿರ ಪಿಜಿಯಲ್ಲಿ ಒಂದೆರಡು ತಿಂಗಳು ಇರಿ. ಪ್ರೊಬೇಷನ್ ಮುಗಿಯುವವರೆಗೆ ಊರಿನ ಮನೆ, ಹೆಂಡತಿಯ ಕೆಲಸ ಎರಡೂ ಹಾಗೇ ಇರಲಿ. ಆದರೆ ಶಾಲೆಗೆ ಅಷ್ಟು ಕಾಯಲು ಆಗುವುದಿಲ್ಲ. ಜೂನ್‌ಗೆ ಮಕ್ಕಳನ್ನು ಸೇರಿಸಬೇಕಿದ್ದರೆ ಡಿಸೆಂಬರ್‌ಗೂ ಮೊದಲೇ ವಿಚಾರಿಸಲು ಶುರು ಮಾಡಿ, ಏಪ್ರಿಲ್‌ನಲ್ಲಿ ನನಗೆ ಫೋನ್ ಮಾಡುವ ಹೊತ್ತಿಗೆ ಒಳ್ಳೆಯ ಶಾಲೆಗಳಲ್ಲಿ ಸೀಟು ಮುಗಿದಿರುತ್ತದೆ.