ತಲೆ ಬಂತು, ಭುಜ ಬರಲಿಲ್ಲ

ಹೆರಿಗೆಯಲ್ಲಿ ಮಗುವಿನ ತಲೆ ಹೊರಗೆ ಬಂದರೆ ಕಷ್ಟ ಮುಗಿದ ಹಾಗೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮುಂದಿನ ನೋವಿಗೆ ಮೈಯೂ ಜಾರಿ ಬರಬೇಕು. ಸಾಮಾನ್ಯವಾಗಿ ಬರುತ್ತದೆ ಕೂಡ. ಆದರೆ ಸಾವಿರಕ್ಕೆ ಆರೇಳು ಹೆರಿಗೆಗಳಲ್ಲಿ ಹಾಗಾಗುವುದಿಲ್ಲ. ಹೊರಬಂದ ತಲೆ ಮತ್ತೆ ಒಳಕ್ಕೆ ಸರಿಯುತ್ತದೆ, ಕೆನ್ನೆಗಳು ತಾಯಿಯ ಮೈಗೆ ಒತ್ತಿಕೊಳ್ಳುತ್ತವೆ. ಆಮೆ ತಲೆ ಒಳಗೆಳೆದುಕೊಂಡ ಹಾಗೆ ಕಾಣುವ ಇದನ್ನು ಡಾಕ್ಟರುಗಳು ಟರ್ಟಲ್ ಸೈನ್ (ಆಮೆಯ ಗುರುತು) ಎನ್ನುತ್ತಾರೆ. ಭುಜ ಸಿಕ್ಕಿಹಾಕಿಕೊಂಡಿದೆ ಎಂದು ಇದರ ಅರ್ಥ. ಈ ತೊಂದರೆಯ ಹೆಸರು ಶೋಲ್ಡರ್ ಡಿಸ್ಟೋಸಿಯಾ.

ಇದಕ್ಕೆ ಕಾರಣ ಮೂಳೆಯ ಅಳತೆ. ಸೊಂಟದ ಮೂಳೆಯ ಮೇಲ್ಬಾಯಿ ಅಡ್ಡಕ್ಕೆ ಸುಮಾರು 13 ಸೆಂಟಿಮೀಟರ್ ಇರುತ್ತದೆ, ಓರೆಯಾಗಿ 12. ಹಿಂದೆ ಮುಂದೆ ಅಳೆದರೆ 11 ಅಷ್ಟೇ. ಮಗುವಿನ ಭುಜಗಳು ಓರೆಯಾಗಿ ಇಳಿಯಬೇಕು. ಹಾಗಾಗದೆ ನೆಟ್ಟಗೆ ಹಿಂದೆ ಮುಂದಾಗಿ ಬಂದರೆ, ಮುಂದಿನ ಭುಜ ತಾಯಿಯ ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ ತಗಲಿಕೊಳ್ಳುತ್ತದೆ. ಮಗುವಿನ ಎದೆ ಅಮುಕಿಕೊಂಡಿರುತ್ತದೆ, ಉಸಿರೆಳೆಯಲು ಆಗುವುದಿಲ್ಲ. ಹೊಕ್ಕುಳಬಳ್ಳಿಯೂ ಒತ್ತಿಹೋಗಬಹುದು. ಐದು ನಿಮಿಷದೊಳಗೆ ಮಗು ಹೊರಬಂದರೆ ಮೆದುಳಿಗೆ ಪೆಟ್ಟಾಗುವ ಭಯ ಕಡಿಮೆ.

ಇಂಥ ಹೊತ್ತಿನಲ್ಲಿ ತಲೆ ಹಿಡಿದು ಎಳೆದುಬಿಡೋಣ ಎಂದೇ ಕೈ ಹೋಗುತ್ತದೆ. ಆದರೆ ಮೂಳೆಗೆ ಮೂಳೆ ಸಿಕ್ಕಿರುವಾಗ ಎಳೆದರೆ ಹಿಗ್ಗುವುದು ಕತ್ತಿನಿಂದ ತೋಳಿಗೆ ಹೋಗುವ ನರಗಳು ಮಾತ್ರ. ಆ ನರಗಳಿಗೆ ಏಟಾದರೆ ತೋಳು ಒಳಮುಖವಾಗಿ ತಿರುಗಿ ಜೋತುಬೀಳುತ್ತದೆ. ಬಹಳಷ್ಟು ಮಕ್ಕಳಲ್ಲಿ ಅದು ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಜೀವನಪೂರ್ತಿ ಉಳಿಯುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ವಿಷಯವನ್ನು ಜೋರಾಗಿ ಹೇಳಬೇಕು, ಸಹಾಯಕ್ಕೆ ಕರೆಯಬೇಕು, ಒಬ್ಬರು ಗಡಿಯಾರ ನೋಡಿ ಬರೆದುಕೊಳ್ಳಬೇಕು. ತಾಯಿಗೆ ಸದ್ಯಕ್ಕೆ ತಿಣುಕಬೇಡ ಎನ್ನಬೇಕು. ಇಬ್ಬರು ಆಕೆಯ ಒಂದೊಂದು ಕಾಲು ಹಿಡಿದು ತೊಡೆಗಳನ್ನು ಹೊಟ್ಟೆಯ ಕಡೆಗೆ ಮಡಚುತ್ತಾರೆ. ಇದು ಅಮೆರಿಕದ ಹ್ಯೂಸ್ಟನ್‌ನ ವಿಲಿಯಂ ಮ್ಯಾಕ್‌ರಾಬರ್ಟ್ಸ್ ಹೆಸರಿನಲ್ಲಿ 1983ರಿಂದ ವೈದ್ಯಕೀಯ ಬರಹಗಳಲ್ಲಿದೆ. ಇದರಿಂದ ಸೊಂಟದ ಮೂಳೆ ಅಗಲವಾಗುವುದಿಲ್ಲ. ಬೆನ್ನಿನ ಕೆಳಭಾಗದ ಬಾಗು ನೇರವಾಗುತ್ತದೆ, ಅಡ್ಡ ನಿಂತ ಮೂಳೆ ಮೇಲಕ್ಕೆ ವಾಲುತ್ತದೆ. ಎಷ್ಟೋ ಸಲ ಇಷ್ಟೇ ಸಾಕು.

ಜೊತೆಗೆ ಇನ್ನೊಬ್ಬರು ಆ ಮೂಳೆಯ ಸ್ವಲ್ಪ ಮೇಲೆ, ಮಗುವಿನ ಬೆನ್ನಿರುವ ಕಡೆಯಿಂದ ಅಂಗೈ ಬುಡದಲ್ಲಿ ಒತ್ತುತ್ತಾರೆ. ಭುಜ ಓರೆಗೆ ತಿರುಗಲಿ ಎಂದು. ಆದರೆ ಹೊಟ್ಟೆಯ ಮೇಲ್ಭಾಗವನ್ನು ಒತ್ತುವುದು ಬೇರೆಯೇ ವಿಷಯ. ಅದರಿಂದ ಭುಜ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಗರ್ಭಕೋಶವೇ ಹರಿಯಬಹುದು. ಮಾಮೂಲಿ ಹೆರಿಗೆಗೂ ಹಾಗೆ ಒತ್ತಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ನಮ್ಮಲ್ಲಿ ಈ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ ಅನ್ನುವುದೇ ಬೇಜಾರು.

ಇದಕ್ಕೂ ಬಗ್ಗದಿದ್ದರೆ ಕೈ ಒಳಗೆ ಹೋಗಬೇಕು. ಮುಂದೆ ಜಾಗವಿಲ್ಲ, ಹಿಂದೆ ತಾಯಿಯ ಬೆನ್ನುಮೂಳೆಯ ಬುಡದಲ್ಲಿ ಇದೆ. ಬಿಗಿ ಬಳೆ ಏರಿಸುವಾಗ ಹೆಬ್ಬೆರಳನ್ನು ಅಂಗೈಗೆ ಸೇರಿಸಿ ಕೈ ಕಿರಿದು ಮಾಡುತ್ತೇವಲ್ಲ, ಹಾಗೆ ಇಡೀ ಕೈಯನ್ನು ಹಿಂಬದಿಯಿಂದ ತೂರಿಸುತ್ತಾರೆ. ಮಗುವಿನ ಹಿಂದಿನ ತೋಳಿನ ಮಣಿಕಟ್ಟು ಹಿಡಿದು, ಎದೆಯ ಮೇಲಿಂದ ಸವರಿದಂತೆ ಹೊರಗೆ ತರುತ್ತಾರೆ. ಒಂದು ತೋಳು ಆಚೆ ಬಂದರೆ ಸಿಕ್ಕಿದ್ದ ಭುಜಕ್ಕೆ ಜಾಗ ಆಗುತ್ತದೆ. ಕೆಲವೊಮ್ಮೆ ಎಳೆ ಮೂಳೆ ಮುರಿಯುವುದುಂಟು. ಅದು ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ.

ಇನ್ನೊಂದು ದಾರಿ ತಾಯಿಯನ್ನು ಕೈ ಮತ್ತು ಮೊಣಕಾಲೂರಿಸಿ ತಿರುಗಿಸುವುದು. ಇದಕ್ಕೆ ಅಮೆರಿಕದ ಟೆನೆಸಿಯ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್ ಹೆಸರಿದೆ. ಗ್ವಾಟೆಮಾಲಾದ ಬುಡಕಟ್ಟು ಸೂಲಗಿತ್ತಿಯರು ಮಾಡುತ್ತಿದ್ದದ್ದನ್ನು 1976ರಲ್ಲಿ ಕಲಿತೆ ಎಂದು ಆಕೆಯೇ ಹೇಳಿದ್ದಾರೆ. ಆದರೂ ಪುಸ್ತಕಕ್ಕೆ ಹತ್ತಿದ್ದು ಗ್ಯಾಸ್ಕಿನ್ ಹೆಸರು, ಆ ಹೆಂಗಸರದ್ದಲ್ಲ. 1998ರ ವರದಿಯೊಂದರಲ್ಲಿ ಭುಜ ಸಿಕ್ಕಿದ್ದ 82 ಹೆರಿಗೆಗಳ ಪೈಕಿ 68 ಇದೊಂದರಿಂದಲೇ ಆಗಿದ್ದವು.

ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಮಗು ದಪ್ಪಗಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಸಾಧ್ಯತೆ ಜಾಸ್ತಿ. ಆದರೆ ಹತ್ತಿರ ಹತ್ತಿರ ಅರ್ಧದಷ್ಟು ಪ್ರಕರಣಗಳಲ್ಲಿ ಮಗು ನಾಲ್ಕು ಕೆಜಿಯೊಳಗೇ ಇರುತ್ತದೆ. ಹಾಗಾಗಿ ಹೆರಿಗೆ ಮಾಡಿಸುವ ಪ್ರತಿಯೊಬ್ಬರ ಕೈಗೂ ಇದು ಮೊದಲೇ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ 140 ಡಾಕ್ಟರು, ಮಿಡ್‌ವೈಫ್‌ಗಳನ್ನು ಹೆರಿಗೆ ಕಲಿಸುವ ಬೊಂಬೆಯ ಮುಂದೆ ನಿಲ್ಲಿಸಿ ಪರೀಕ್ಷಿಸಿದರು. ತರಬೇತಿಗೆ ಮುಂಚೆ ಮಗುವನ್ನು ಹೊರತೆಗೆದವರು ನೂರಕ್ಕೆ 43. ಆಮೇಲೆ 83. ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆ ಇಂಥ ತರಬೇತಿಯನ್ನು ವರ್ಷವರ್ಷವೂ ಎಲ್ಲ ಸಿಬ್ಬಂದಿಗೂ ಕೊಡುತ್ತಾ ಬಂತು. ಅಲ್ಲಿಂದ 2016ರಲ್ಲಿ ಬಂದ 12 ವರ್ಷಗಳ ವರದಿ ನೋಡಿದರೆ, ತೋಳಿನ ಶಾಶ್ವತ ತೊಂದರೆ ಇಲ್ಲವಾಗಿತ್ತು.

ಒಮ್ಮೆ ಹೀಗಾದ ತಾಯಿಗೆ ಮುಂದಿನ ಹೆರಿಗೆಯಲ್ಲೂ ಆಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ತಲೆ ಬಂದ ಹೊತ್ತು, ಮೈ ಬಂದ ಹೊತ್ತು, ಯಾವ ಭುಜ ಮುಂದಿತ್ತು, ಏನೇನು ಮಾಡಿದರು ಎಂಬುದನ್ನೆಲ್ಲ ಬರೆಸಿಕೊಳ್ಳಿ. ಮುಂದಿನ ಬಸಿರಿನಲ್ಲಿ ಮೊದಲ ಭೇಟಿಗೇ ಆ ಚೀಟಿ ಡಾಕ್ಟರ ಕೈಗೆ ಕೊಡಿ.