ಎಂಎಂಎ: ವರ್ಷಕ್ಕೆ ಎಷ್ಟು ಫೈಟ್ ಅನ್ನುವುದನ್ನು ತೂಕವೇ ತೀರ್ಮಾನಿಸುತ್ತದಾ?

ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟದ ಆಟವೇ ಎಂಎಂಎ. ಡೊನಾಲ್ಡ್ ಸೆರೋನಿ 2015ರ ಜನವರಿ 3ರಂದು, ಈ ಆಟದ ಫೈಟ್‌ಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯಲ್ಲಿ ಒಂದು ಫೈಟ್ ಗೆದ್ದರು. ಹದಿನೈದೇ ದಿನಕ್ಕೆ, ಜನವರಿ 18ರಂದು, ಬೆನ್ಸನ್ ಹೆಂಡರ್ಸನ್ ಎದುರು ಆಡಿ ಅದನ್ನೂ ಗೆದ್ದರು. ಅವರದು ಲೈಟ್‌ವೇಟ್, ಅಂದರೆ 70 ಕಿಲೋ ವಿಭಾಗ. ಎಲ್ಲಕ್ಕಿಂತ ಭಾರದ ವಿಭಾಗವಾದ ಹೆವಿವೇಟ್‌ನ ಕೇನ್ ವೆಲಾಸ್ಕೆಜ್ ಕಥೆ ಬೇರೆ. 2013ರ ಅಕ್ಟೋಬರ್ ಆದ ಮೇಲೆ 2019ರ ಫೆಬ್ರವರಿವರೆಗೆ ಅವರು ಆಡಿದ್ದು ಮೂರೇ ಫೈಟ್.

ಇಂಥ ಜೋಡಿಗಳನ್ನು ನೋಡಿಯೇ, ಹಗುರ ಮೈಯವರು ಜಾಸ್ತಿ ಆಡುತ್ತಾರೆ, ಭಾರದವರು ಕಮ್ಮಿ ಎಂಬ ಮಾತು ಅಭಿಮಾನಿಗಳಲ್ಲಿ ನಿಂತುಬಿಟ್ಟಿದೆ. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಈ ಆಟದ ಮೂವತ್ತು ವರ್ಷವನ್ನು ತಿರುವಿ ನೋಡಿದರೆ, ತಕ್ಕಡಿಗಿಂತ ಜಾಸ್ತಿ ಪ್ರಭಾವ ಬೀರಿದ್ದು ಫೈಟ್‌ಗಳ ವೇಳಾಪಟ್ಟಿ ಮಾಡುವವರು ಅಂತಲೇ ನನಗೆ ಅನ್ನಿಸುತ್ತದೆ.

ಮೊದಮೊದಲು ತೂಕದ ವಿಭಾಗವೇ ಇರಲಿಲ್ಲ. 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ಹೋಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. 1994ರ ಮಾರ್ಚ್‌ನಲ್ಲಿ ನಾಲ್ವರನ್ನು. ಜಪಾನ್‌ನಲ್ಲಂತೂ ಇದು ಇನ್ನೂ ವಿಪರೀತಕ್ಕೆ ಹೋಯಿತು. 2000ದ ಮೇ 1ರಂದು ಅಲ್ಲಿನ ಪ್ರೈಡ್ ಸಂಸ್ಥೆಯ ಟೂರ್ನಿಯಲ್ಲಿ ಕಜುಷಿ ಸಕುರಾಬಾ ಇದೇ ಗ್ರೇಸಿ ಜೊತೆ 90 ನಿಮಿಷ ಸೆಣಸಿದರು. ಅದೇ ರಾತ್ರಿ, ತಮಗಿಂತ ಭಾರದ ಇಗೊರ್ ವೊವ್‌ಚಾಂಚಿನ್ ಎದುರು ಮತ್ತೆ ನಿಂತರು. ಧೈರ್ಯವನ್ನು ಮೆಚ್ಚಬೇಕು, ನಿಜ. ಆದರೆ ಅಂಥದ್ದಕ್ಕೆ ಯಾರನ್ನೂ ಇಳಿಸಬಾರದಿತ್ತು.

1997ರ ಫೆಬ್ರವರಿಯಲ್ಲಿ ಯುಎಫ್‌ಸಿ ಆಟಗಾರರನ್ನು ಎರಡು ತೂಕಗಳಾಗಿ ವಿಂಗಡಿಸಿತು. 2000-01ರ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಏಕರೂಪದ ನಿಯಮಗಳು ರೂಪುಗೊಂಡವು. ಒಂದೇ ರಾತ್ರಿಯ ಟೂರ್ನಿಗಳು ಹಿಂದೆ ಸರಿದವು, ಸರ್ಕಾರಿ ಆಯೋಗಗಳ ಡಾಕ್ಟರುಗಳು ಬಂದರು. ನಾಕೌಟ್ ಆದವರಿಗೆ ಇಂತಿಷ್ಟು ದಿನ ಆಡಬಾರದು ಎಂಬ ವೈದ್ಯಕೀಯ ತಡೆ ಬಿತ್ತು. ಸಾಮಾನ್ಯವಾಗಿ ಅದು 30, 60 ದಿನ. ಮೂಳೆ ಮುರಿದ ಅನುಮಾನವಿದ್ದರೆ, ಡಾಕ್ಟರು ಒಪ್ಪುವ ತನಕ 180 ದಿನವೂ ಆಗಬಹುದು.

ತೂಕದ ವ್ಯತ್ಯಾಸ ಕೆಲಸ ಮಾಡುವುದು ಇಲ್ಲಿಯೇ. ಭಾರ ಹೆಚ್ಚಿದಷ್ಟೂ ಏಟಿನ ಬಲ ಹೆಚ್ಚು, ನಾಕೌಟ್ ಹೆಚ್ಚು. ಹಾಗಾಗಿ ತಡೆಯೂ ಹೆಚ್ಚು ಸಲ ಬೀಳುತ್ತದೆ. ಹಗುರ ವಿಭಾಗಗಳಲ್ಲಿ ಜಾಸ್ತಿ ಫೈಟ್‌ಗಳು ಕೊನೆಯ ಸುತ್ತಿನವರೆಗೂ ಹೋಗಿ ತೀರ್ಪಿನಲ್ಲಿ ಮುಗಿಯುತ್ತವೆ.

ಆದರೆ ಹಗುರದವರಿಗೆ ಬೇರೊಂದು ಕಾಟ ಇದೆ. ಹೆವಿವೇಟ್‌ನ ಮಿತಿ 120 ಕಿಲೋ. ಆ ವಿಭಾಗದ ಬಹಳಷ್ಟು ಜನ ತೂಕ ಇಳಿಸುವ ಗೋಜಿಗೇ ಹೋಗಬೇಕಿಲ್ಲ. ಕೆಳಗಿನ ವಿಭಾಗಗಳಲ್ಲಿ ಹಾಗಲ್ಲ. ವಾರಗಟ್ಟಲೆ ಊಟ ಕಮ್ಮಿ ಮಾಡಿ, ಕೊನೆಯ ದಿನಗಳಲ್ಲಿ ಮೈಯ ನೀರನ್ನೇ ಬೆವರಿಸಿ ತಕ್ಕಡಿ ಹತ್ತಬೇಕು. ವರ್ಷಕ್ಕೆ ನಾಲ್ಕು ಫೈಟ್ ಅಂದರೆ ನಾಲ್ಕು ಸಲ ಈ ಹಿಂಸೆ. 2017ರ ಮಾರ್ಚ್‌ನಲ್ಲಿ ತೂಕ ಇಳಿಸುವಾಗಲೇ ಖಬೀಬ್ ನುರ್ಮಗೊಮೆಡೊವ್ ಆಸ್ಪತ್ರೆ ಸೇರಿ, ಟೋನಿ ಫರ್ಗುಸನ್ ಜೊತೆಗಿನ ಫೈಟ್ ರದ್ದಾಯಿತು. 2015ರ ಡಿಸೆಂಬರ್‌ನಲ್ಲಿ ಹೀಗೆ ತೂಕ ಇಳಿಸುವಾಗ ಚೀನಾದ ಫೈಟರ್ ಯಾಂಗ್ ಜಿಯಾನ್‌ಬಿಂಗ್ ಜೀವವೇ ಹೋಯಿತು. ಅವರಿಗೆ ಆಗ 21 ವರ್ಷ. ಅದಾದ ಮೇಲೆ, ಅವರು ಆಡಬೇಕಿದ್ದ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನೀರು ಬಸಿದು ತೂಕ ಇಳಿಸುವುದನ್ನು ನಿಷೇಧಿಸಿತು. ಮೈಯಲ್ಲಿ ನೀರು ಸಾಕಷ್ಟಿದೆಯೇ ಎಂಬ ಪರೀಕ್ಷೆ ತಂದು, ವಿಭಾಗಗಳ ಮಿತಿಯನ್ನೂ ಮೇಲಕ್ಕೆ ಸರಿಸಿತು. ಇದನ್ನು ಬೇರೆ ಸಂಸ್ಥೆಗಳು ಯಾಕೆ ಪಾಲಿಸುತ್ತಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ಹಾಗಂತ ಎಲ್ಲರ ಮೈಯೂ ಒಂದೇ ಥರ ಇರುವುದಿಲ್ಲ. ಖಮ್ಜಾತ್ ಚಿಮಾಯೆವ್ 2020ರ ಜುಲೈನಲ್ಲಿ ಅಬುಧಾಬಿಯಲ್ಲಿ ಮಿಡಲ್‌ವೇಟ್‌ನಲ್ಲಿ ಗೆದ್ದು, ಹತ್ತೇ ದಿನಕ್ಕೆ ಒಂದು ವಿಭಾಗ ಕೆಳಗಿಳಿದು ವೆಲ್ಟರ್‌ವೇಟ್‌ನಲ್ಲೂ ಗೆದ್ದರು. ಹಗುರದವರಿಗೆ ಗಾಯ ಆಗುವುದಿಲ್ಲ ಎನ್ನುವುದೂ ಸುಳ್ಳು. ಬ್ಯಾಂಟಮ್‌ವೇಟ್ ಚಾಂಪಿಯನ್ ಡೊಮಿನಿಕ್ ಕ್ರೂಜ್ 2011ರ ಅಕ್ಟೋಬರ್‌ನಿಂದ 2014ರ ಸೆಪ್ಟೆಂಬರ್‌ವರೆಗೆ ಮುಖ್ಯವಾಗಿ ಮೊಣಕಾಲಿನ ಗಾಯದಿಂದ ಹೊರಗಿದ್ದರು.

ಇನ್ನು ಎದುರಾಳಿಗಳ ಸಂಖ್ಯೆ. ಹೆವಿವೇಟ್‌ನಲ್ಲಿ ಒಳ್ಳೆಯ ಫೈಟರ್‌ಗಳು ಯಾವತ್ತೂ ಕಮ್ಮಿ. 2018ರಿಂದ 2020ರ ನಡುವೆ ಸ್ಟೀಪೆ ಮಿಯೊಚಿಚ್ ಮತ್ತು ಡೇನಿಯಲ್ ಕಾರ್ಮಿಯರ್ ಇಬ್ಬರೇ ಚಾಂಪಿಯನ್ ಬೆಲ್ಟ್‌ಗಾಗಿ ಮೂರು ಸಲ ಎದುರಾದರು. ಮಹಿಳೆಯರ ಫೆದರ್‌ವೇಟ್‌ ಇನ್ನೂ ಬಡಪಾಯಿ. ಯುಎಫ್‌ಸಿ ಅದನ್ನು 2017ರಲ್ಲಿ ಶುರು ಮಾಡಿತು. 2023ರಲ್ಲಿ ಅಮಾಂಡಾ ನುನೆಸ್ ನಿವೃತ್ತರಾದ ಮೇಲೆ ಆ ಬೆಲ್ಟ್‌ ಯಾರ ಪಾಲಿಗೂ ಹೋಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅಡ್ಡಗಾಲು ಬೆಲ್ಟ್‌ನ ರಾಜಕೀಯ. ಕಾನರ್ ಮೆಕ್‌ಗ್ರೆಗರ್ 2016ರಲ್ಲಿ ಮೂರು ಫೈಟ್ ಆಡಿ, ಎರಡು ವಿಭಾಗಗಳ ಚಾಂಪಿಯನ್ ಆದರು. ಎರಡರಲ್ಲಿ ಒಂದನ್ನೂ ಅವರು ಮತ್ತೆ ಪಣಕ್ಕಿಡಲಿಲ್ಲ. ಮುಂದಿನ ಎಂಎಂಎ ಫೈಟ್ 2018ರ ಅಕ್ಟೋಬರ್‌ನಲ್ಲಿ. ಜಾನ್ ಜೋನ್ಸ್ 2023ರ ಮಾರ್ಚ್‌ನಲ್ಲಿ ಹೆವಿವೇಟ್ ಬೆಲ್ಟ್ ಗೆದ್ದು, ಗಾಯವಾಗಿ, 2024ರ ನವೆಂಬರ್‌ನಲ್ಲಿ ಮತ್ತೆ ಆಡಿದರು. ಅಷ್ಟರಲ್ಲಿ ಮಧ್ಯಂತರ ಚಾಂಪಿಯನ್, ಅಂದರೆ ಚಾಂಪಿಯನ್ ಆಡಲಾಗದಾಗಿನ ತಾತ್ಕಾಲಿಕ ಚಾಂಪಿಯನ್ ಆಗಿದ್ದ ಟಾಮ್ ಆಸ್ಪಿನಾಲ್, 2024ರ ಜುಲೈ ಬಳಿಕ ಆಡಿದ್ದು 2025ರ ಅಕ್ಟೋಬರ್‌ನಲ್ಲಿ. ಹದಿನೈದು ತಿಂಗಳು! ಬಹುತೇಕ ಜೋನ್ಸ್‌ಗಾಗಿ ಕಾದದ್ದೇ ಆಯಿತು. ಒಂದೇ ಮೆಟ್ಟಿಲು ಕೆಳಗೆ, ಲೈಟ್ ಹೆವಿವೇಟ್‌ನಲ್ಲಿ, ಅಲೆಕ್ಸ್ ಪೆರೇರಾ 2024ರಲ್ಲಿ 175 ದಿನಗಳಲ್ಲಿ ಮೂರು ಸಲ ಬೆಲ್ಟ್ ಉಳಿಸಿಕೊಂಡಿದ್ದರು. 93 ಕಿಲೋದವರು ಹೀಗೆ ಆಡಬಹುದಾದರೆ, ಎಲ್ಲದಕ್ಕೂ ತೂಕವನ್ನೇ ದೂರುವುದು ಸರಿಯಲ್ಲ ಅಲ್ವಾ?

ವೇಳಾಪಟ್ಟಿಯ ಶಕ್ತಿ ಎಷ್ಟು ಅಂತ ತೋರಿಸಿದ್ದು ಪಿಎಫ್‌ಎಲ್ ಎಂಬ ಇನ್ನೊಂದು ಎಂಎಂಎ ಸಂಸ್ಥೆ. 2018ರಲ್ಲಿ ಅದು ಆರು ವಿಭಾಗಗಳಲ್ಲಿ ಲೀಗ್ ಶುರು ಮಾಡಿತು. ಗೆದ್ದವರಿಗೆ 10 ಲಕ್ಷ ಡಾಲರ್. ಫೈನಲ್‌ವರೆಗಿನ ದಾರಿಯಲ್ಲಿ ಜೂನ್‌ನಿಂದ ಡಿಸೆಂಬರ್ 31ರೊಳಗೆ ಐದು ಫೈಟ್, ಅದರಲ್ಲಿ ಎರಡು ಒಂದೇ ರಾತ್ರಿ. ಆ ಎರಡರ ಪದ್ಧತಿ ನನಗೆ ಒಪ್ಪಿಗೆಯಿಲ್ಲ. 2021ರಲ್ಲಿ ಅವರೂ ಅದನ್ನು ಬಿಟ್ಟು ನಾಲ್ಕು ಫೈಟ್‌ಗೆ ಇಳಿಸಿದರು. ಹಗುರದ ಫೆದರ್‌ವೇಟ್‌ಗೂ ಆಗ ನಾಲ್ಕು, ಹೆವಿವೇಟ್‌ಗೂ ನಾಲ್ಕೇ.