ಉಲ್ಲೇಖ ಹಿಡಿದು ಲೇಖನ ಹುಡುಕುವ ಫಾರ್ಮ್: ಗ್ರಂಥಾಲಯದ ಜಾಲತಾಣಕ್ಕಾಗಿ ಒಂದು ಅಧ್ಯಯನ ಟಿಪ್ಪಣಿ

ಗ್ರಂಥಾಲಯದ ಜಾಲತಾಣಕ್ಕೆ ಬರುವವರಲ್ಲಿ ಎರಡು ಬಗೆ. 'ಈ ವಿಷಯದ ಮೇಲೆ ಏನಿದೆ?' ಎಂದು ಕೇಳುವವರು ಒಂದು ಬಗೆ. ಅಡಿಟಿಪ್ಪಣಿಯಲ್ಲಿ ಕಂಡ ಉಲ್ಲೇಖವನ್ನು ಹಿಡಿದು 'ಇದೇ ಲೇಖನ ಬೇಕು' ಎನ್ನುವವರು ಇನ್ನೊಂದು ಬಗೆ. ಎರಡನೆಯವರಿಗೆ ಸಾಮಾನ್ಯ ಹುಡುಕುಪಟ್ಟಿ ಅಷ್ಟಾಗಿ ಒದಗುವುದಿಲ್ಲ. ಅವರ ಕೈಯಲ್ಲಿರುವ ಉಲ್ಲೇಖವೂ ಬಹಳ ಸಲ ಅರೆಬರೆ: ಪತ್ರಿಕೆಯ ಹೆಸರು ಮೊಟಕು, ಲೇಖನದ ಶೀರ್ಷಿಕೆ ನಾಪತ್ತೆ, ಪುಟಸಂಖ್ಯೆಯಲ್ಲಿ ಒಂದಂಕಿ ತಪ್ಪು. ಫಾರ್ಮ್ ಮಾಡುವಾಗ ಈ ಅರೆಬರೆ ಉಲ್ಲೇಖವನ್ನೇ ಮಾದರಿಯಾಗಿ ಇಟ್ಟುಕೊಳ್ಳಬೇಕು.

ಪರೀಕ್ಷೆಗೆ ಒಳ್ಳೆಯ ಉದಾಹರಣೆ ರಾಮನ್ ಪರಿಣಾಮದ ಟಿಪ್ಪಣಿ. ಭೌತಶಾಸ್ತ್ರದ ಉಲ್ಲೇಖಗಳಲ್ಲಿ ಅದನ್ನು ಹೀಗೆ ಕಾಣಬಹುದು: 'ರಾಮನ್ ಸಿ. ವಿ., ಕೃಷ್ಣನ್ ಕೆ. ಎಸ್., ನೇಚರ್, 121, 501 (1928)'. ಶೀರ್ಷಿಕೆ ಇಲ್ಲ, ಸಂಚಿಕೆ ಸಂಖ್ಯೆ ಇಲ್ಲ, ಕೊನೆಯ ಪುಟವೂ ಇಲ್ಲ. ಆದರೂ ಲೇಖನ ಸಿಗಬೇಕು, ಸಿಗುತ್ತದೆ. ನೇಚರ್‌ನಂಥ ಪತ್ರಿಕೆಯಲ್ಲಿ ಪುಟಸಂಖ್ಯೆ ಸಂಪುಟದುದ್ದಕ್ಕೂ ಬೆಳೆಯುತ್ತ ಹೋಗುತ್ತದೆ. ಹಾಗಾಗಿ ಪತ್ರಿಕೆ, ಸಂಪುಟ, ಮೊದಲ ಪುಟ ಈ ಮೂರೇ ಸಾಕು. ವರ್ಷ ತಾಳೆ ನೋಡಲಿಕ್ಕೆ. 'ಸಂಚಿಕೆ ಸಂಖ್ಯೆ ಕಡ್ಡಾಯ' ಎಂದು ಕೆಂಪು ನಕ್ಷತ್ರ ಹಾಕಿದ ಫಾರ್ಮ್ ಈ ಒಂದು ಉಲ್ಲೇಖದಲ್ಲೇ ಸೋಲುತ್ತದೆ.

ಒಂದು ತೊಡಕು ಉಂಟು. ನೇಚರ್‌ನ ಪತ್ರ ವಿಭಾಗದಲ್ಲಿ ಒಂದೇ ಪುಟದಲ್ಲಿ ಹಲವು ಬರಹ ಶುರುವಾಗುತ್ತವೆ. ರಾಮನ್–ಕೃಷ್ಣನ್ ಬರಹದ ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಗುರುತು ಸಂಕೇತ) 10.1038/121501ಸಿ0: ಸಂಪುಟ, ಪುಟ ಎರಡೂ ಅದರೊಳಗೇ ಕೂತಿವೆ, ಒಂದೇ ಪುಟದ ಬರಹಗಳನ್ನು ಬೇರ್ಪಡಿಸಲು ಒಂದು ಅಕ್ಷರ ಸೇರಿದೆ. ಆದ್ದರಿಂದ ಫಲಿತಾಂಶ ಒಂದೇ ಬರುತ್ತದೆಂದು ನಂಬಿ ಬಳಕೆದಾರರನ್ನು ನೇರ ಲೇಖನಕ್ಕೆ ದೂಡಬೇಡಿ. ಐದರವರೆಗಿನ ಕಿರುಪಟ್ಟಿ ತೋರಿಸಿ.

ಲೇಖಕರ ಹೆಸರು ಕೆಲಸಕ್ಕೆ ಬರುವುದು ಇಲ್ಲಿ, ಅದೂ ಪಟ್ಟಿಯನ್ನು ಮೇಲೆಕೆಳಗೆ ಜೋಡಿಸಲು ಮಾತ್ರ. ಜರಡಿಯಾಗಿ ಬಳಸಿದರೆ ಕೆಡುತ್ತದೆ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್ ಊರಿನದೋ ತಂದೆಯದೋ ಆಗಿರುತ್ತದೆ. ಯಾವುದನ್ನು 'ಕೊನೆಯ ಹೆಸರು' ಎಂದು ದಾಖಲಿಸಬೇಕೆಂಬುದರಲ್ಲಿ ದತ್ತಾಂಶ ಕೋಶಗಳಿಗೆ ಒಮ್ಮತವಿಲ್ಲ.

ಚೌಕಗಳು ಎಷ್ಟು?

ಮೊದಲಿಗೆ ಒಂದೇ ದೊಡ್ಡ ಚೌಕ: 'ಉಲ್ಲೇಖ ಅಥವಾ ಡಿಒಐ ಇಲ್ಲಿ ಅಂಟಿಸಿ'. ಅದರ ಕೆಳಗೆ ಬಿಡಿ ವಿವರಗಳಿಗೆ ಐದು: ಪತ್ರಿಕೆ ಅಥವಾ ಅದರ ಗುರುತು ಸಂಖ್ಯೆಯಾದ ಐಎಸ್‌ಎಸ್‌ಎನ್, ಸಂಪುಟ, ಮೊದಲ ಪುಟ, ವರ್ಷ, ಲೇಖಕ. ಸಂಚಿಕೆ ಮತ್ತು ತಿಂಗಳನ್ನು 'ಇನ್ನಷ್ಟು ವಿವರ' ಎಂಬ ಮಡಿಕೆಯೊಳಗೆ ಇಡಿ. ಪ್ರತಿ ಸಂಚಿಕೆಯಲ್ಲೂ ಪುಟ 1ರಿಂದ ಶುರುವಾಗುವ ಮಾಸಪತ್ರಿಕೆಗಳಿಗೆ ಅವು ಬೇಕಾಗುತ್ತವೆ. ಯಾವ ಚೌಕವೂ ಒಂಟಿಯಾಗಿ ಕಡ್ಡಾಯವಲ್ಲ; ಡಿಒಐ ಇದ್ದರೆ ಅದೊಂದೇ ಸಾಕು, ಇಲ್ಲವಾದರೆ ಪತ್ರಿಕೆಯ ಜೊತೆ ಇನ್ನೊಂದು ವಿವರ ಬೇಕು ಎಂಬುದಷ್ಟೇ ನಿಯಮ.

ಲೇಬಲ್ ಚೌಕದ ಮೇಲೆ ಇರಲಿ. ಚೌಕದೊಳಗಿನ ತಿಳಿಬೂದು ಬರಹವನ್ನೇ ಲೇಬಲ್ ಮಾಡಿದರೆ ಟೈಪ್ ಮಾಡುತ್ತಲೇ ಅದು ಮಾಯ. ಫಾರ್ಮ್ ಕಳಿಸುವ ವಿಧಾನ 'ಗೆಟ್' ಇರಲಿ, 'ಪೋಸ್ಟ್' ಬೇಡ: 'ಗೆಟ್' ಆದರೆ ವಿವರಗಳು ಜಾಲವಿಳಾಸದಲ್ಲೇ ಸೇರುವುದರಿಂದ ಹುಡುಕಾಟದ ವಿಳಾಸವನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹಾಗೆಯೇ ಕಳಿಸಬಹುದು.

ಸಂಪುಟ, ಪುಟ, ಐಎಸ್‌ಎಸ್‌ಎನ್‌ಗೆ 'ನಂಬರ್' ಬಗೆಯ ಚೌಕ ಹಾಕುವುದು ಆರಂಭಿಕರು ಸಾಮಾನ್ಯವಾಗಿ ಮಾಡುವ ತಪ್ಪು. ಪುರವಣಿಯ ಪುಟ 'ಎಸ್12' ಎಂದಿರಬಹುದು, ಜಂಟಿ ಸಂಚಿಕೆ '3-4' ಎಂದಿರಬಹುದು. ನಡುವೆ ಹೈಫನ್ ಬಂದರೆ ಬ್ರೌಸರ್ ಆ ಚೌಕವನ್ನು ಖಾಲಿ ಎಂದೇ ಸ್ಕ್ರಿಪ್ಟ್‌ಗೆ ಹೇಳುತ್ತದೆ. ಎಲ್ಲವೂ ಪಠ್ಯದ ಚೌಕಗಳೇ ಆಗಿರಲಿ.

ಶುಚಿ ಮಾಡುವ ಕೆಲಸ

ಫಾರ್ಮ್‌ನ ನಿಜವಾದ ಬುದ್ಧಿ ಇರಬೇಕಾದದ್ದು ಇಲ್ಲಿ. ಡಿಒಐ ಯಾವಾಗಲೂ '10.' ಎಂದು ಶುರುವಾಗುತ್ತದೆ. ಅದರ ಹಿಂದಿನ ಜಾಲವಿಳಾಸವನ್ನೋ 'ಡಿಒಐ:' ಎಂಬುದನ್ನೋ ಕತ್ತರಿಸಿ. ವಾಕ್ಯದ ಕೊನೆಯಿಂದ ಅಂಟಿಕೊಂಡು ಬಂದ ಚುಕ್ಕಿ, ಅಲ್ಪವಿರಾಮ ತೆಗೆಯಿರಿ. ಕೊನೆಯ ಆವರಣ ಚಿಹ್ನೆಯನ್ನು ಮಾತ್ರ ಕಣ್ಣುಮುಚ್ಚಿ ತೆಗೆಯಬೇಡಿ. ಹಳೆಯ ಡಿಒಐಗಳಲ್ಲಿ ಆವರಣಗಳು ಸಹಜವಾಗಿಯೇ ಇರುತ್ತವೆ. ಜೋಡಿ ಇಲ್ಲದ್ದಷ್ಟೇ ಹೊರಗಿನದು. ಕ್ರಾಸ್‌ರೆಫ್‌ನಲ್ಲಿ (ಡಿಒಐ ನೋಂದಾಯಿಸುವ ಒಂದು ಸಂಸ್ಥೆ) ಸಿಗಲಿಲ್ಲವೆಂದು 'ಇಂಥ ಡಿಒಐ ಇಲ್ಲ' ಎನ್ನುವುದೂ ತಪ್ಪು. ಡೇಟಾಸೈಟ್‌ನಂಥ ಬೇರೆ ನೋಂದಣಿ ಸಂಸ್ಥೆಗಳೂ ಇವೆ.

ಐಎಸ್‌ಎಸ್‌ಎನ್‌ನಲ್ಲಿ ಎಂಟು ಸ್ಥಾನ, ಕೊನೆಯದು ತಾಳೆ ಅಂಕಿ. ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್‌ನ ಸಂಖ್ಯೆ 0011-3891 ತೆಗೆದುಕೊಳ್ಳಿ. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 6+5+12+24+18 = 65. 11ರಿಂದ ಭಾಗಿಸಿದರೆ ಶೇಷ 10. 11ರಲ್ಲಿ 10 ಕಳೆದರೆ 1. ಕೊನೆಯ ಅಂಕಿ 1, ಸರಿಯಿದೆ. ಶೇಷ 0 ಬಂದರೆ ತಾಳೆ ಅಂಕಿಯೂ 0. ಕಳೆದಾಗ 10 ಬಂದರೆ ಅಲ್ಲಿ ರೋಮನ್ 'ಎಕ್ಸ್' ಇರುತ್ತದೆ. ತಾಳೆಯಾಗದಿದ್ದರೆ ಬಾಗಿಲು ಹಾಕಬೇಡಿ, 'ಒಂದಂಕಿ ತಪ್ಪಿರಬಹುದು' ಎಂದು ಚೌಕದ ಪಕ್ಕದಲ್ಲೇ ಹೇಳಿ. ಅಚ್ಚಿನ ಆವೃತ್ತಿಗೂ ವಿದ್ಯುನ್ಮಾನ ಆವೃತ್ತಿಗೂ ಬೇರೆ ಬೇರೆ ಐಎಸ್‌ಎಸ್‌ಎನ್ ಇರುವುದರಿಂದ ಎರಡನ್ನೂ ಒಂದೇ ಪತ್ರಿಕೆಗೆ ಗಂಟು ಹಾಕಿದ ಕೋಷ್ಟಕ ಹಿನ್ನೆಲೆಯಲ್ಲಿ ಇರಲೇಬೇಕು. ಮೊಟಕು ಹೆಸರುಗಳೂ ಅದೇ ಕೋಷ್ಟಕಕ್ಕೆ ಸೇರಲಿ.

ವರ್ಷದಿಂದ ಸಂಪುಟವನ್ನು ಲೆಕ್ಕಹಾಕಿ ತುಂಬುವ ಜಾಣತನ ಬೇಡ. ಕರೆಂಟ್ ಸೈನ್ಸ್ ವರ್ಷಕ್ಕೆ ಎರಡು ಸಂಪುಟ ತರುತ್ತದೆ. 2011ರಲ್ಲಿ ಬಂದದ್ದು 100 ಮತ್ತು 101. ಪುಟ '501–02' ಎಂದಿದ್ದರೆ ಮೊದಲರ್ಧ ಮಾತ್ರ ಸಾಕು.

ಕನ್ನಡದಲ್ಲಿ ಬರುವ ಉಲ್ಲೇಖ

ಇದಕ್ಕೆ ಸಿದ್ಧ ತಂತ್ರಾಂಶಗಳು ಕೊಡುವ ಗಮನ ಕಡಿಮೆ, ಸಮಸ್ಯೆಗಳು ಹೆಚ್ಚು. ಸಂಪುಟವನ್ನು '೧೨' ಎಂದು ಬರೆದರೆ ಪೈಥಾನ್ 3 ಅದನ್ನು 12 ಎಂದು ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನ ಅಂಕಿ ಹುಡುಕುವ ಚಿಹ್ನೆ 0ರಿಂದ 9 ಬಿಟ್ಟು ಬೇರೆಯದನ್ನು ಅಂಕಿ ಎಂದು ಒಪ್ಪುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಹತ್ತು ಅಂಕಿಗಳು ಸಾಲಾಗಿ ಇವೆ, ಪ್ರತಿಯೊಂದರಿಂದ ೦ಯ ಸಂಕೇತ ಕಳೆದರೆ ಬೆಲೆ ಸಿಕ್ಕಿತು. ಕೆಲವರು ಸೊನ್ನೆಗೆ ಬದಲು ಅನುಸ್ವಾರ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಅಂಕಿಯ ಪಕ್ಕದ ಅನುಸ್ವಾರವನ್ನು ಸೊನ್ನೆ ಮಾಡಿ.

'ೋ' ಒಂದೇ ಸಂಕೇತವಾಗಿಯೂ ಬರಬಹುದು, ಬಿಡಿ ಭಾಗಗಳಾಗಿಯೂ ಬರಬಹುದು. ಎನ್‌ಎಫ್‌ಸಿ ಎಂಬ ಜೋಡಿಸಿದ ಯೂನಿಕೋಡ್ ರೂಪಕ್ಕೆ ತಂದರೆ ಒಂದಾಗುತ್ತವೆ. ಆದರೆ ಒತ್ತಕ್ಷರ ತಡೆಯಲು ಹಾಕುವ ಕಾಣದ ಶೂನ್ಯ ಅಗಲದ ಅಕ್ಷರವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. 'ಪರಿಷತ್ಪತ್ರಿಕೆ', 'ಪರಿಷತ್‌ಪತ್ರಿಕೆ', 'ಪರಿಷತ್ ಪತ್ರಿಕೆ' ಮೂರೂ ಒಂದೇ ಪತ್ರಿಕೆಗೆ ಹೋಗಬೇಕಾದರೆ ಆ ಅಕ್ಷರವನ್ನೂ ಖಾಲಿ ಜಾಗವನ್ನೂ ಹುಡುಕುವ ಪದದಿಂದಷ್ಟೇ ಅಲ್ಲ, ಸೂಚಿಯಿಂದಲೂ ತೆಗೆದು ಹೋಲಿಸಬೇಕು. ಒಂದು ಕಡೆ ಮಾತ್ರ ತೆಗೆದರೆ ಮೊದಲಿಗಿಂತ ಕೆಟ್ಟ ಸ್ಥಿತಿ.

ಕಾಗುಣಿತದ ಪಾಠಾಂತರ ಬೇರೆ. 'ಪ್ರಬುದ್ಧ ಕರ್ಣಾಟಕ'ವನ್ನು ಇಂದಿನ ವಿದ್ಯಾರ್ಥಿ 'ಕರ್ನಾಟಕ' ಎಂದೇ ಹೊಡೆಯುತ್ತಾನೆ. ಇದನ್ನು ಅಂದಾಜು ಹೋಲಿಕೆಗೆ ಬಿಡುವುದಕ್ಕಿಂತ ಕೈಯಾರೆ ಬರೆದ ಪರ್ಯಾಯ ಹೆಸರುಗಳ ಪಟ್ಟಿ ಮೇಲು. ಒಂದು ಗ್ರಂಥಾಲಯದ ಕನ್ನಡ ನಿಯತಕಾಲಿಕೆಗಳ ಪಟ್ಟಿ ಅಷ್ಟೇನೂ ಉದ್ದವಿರುವುದಿಲ್ಲ. ಹಳೆಯ ಸಂಚಿಕೆಗಳಲ್ಲಿ ವರ್ಷದ ಜಾಗದಲ್ಲಿ ಸಂವತ್ಸರ ಇದ್ದರೆ ಎರಡು ಎಚ್ಚರ ಬೇಕು. ಚಕ್ರ 60 ವರ್ಷದ್ದು, ಪ್ರಭವ 1927–28ರಲ್ಲೂ ಬಂತು, 1987–88ರಲ್ಲೂ ಬಂತು. ಯುಗಾದಿಗೆ ಬದಲಾಗುವುದರಿಂದ ಒಂದು ಸಂವತ್ಸರ ಎರಡು ಇಸವಿಗಳಿಗೆ ಚಾಚಿಕೊಳ್ಳುತ್ತದೆ. ವರ್ಷದ ಹೋಲಿಕೆಗೆ ಒಂದು ಹಿಂದೆ, ಒಂದು ಮುಂದೆ ಸಡಿಲ ಬಿಡಿ.

ಕಳಿಸಿದ ಮೇಲೆ

ಶುಚಿಯಾದ ವಿವರಗಳನ್ನು ಓಪನ್‌ಯುಆರ್‌ಎಲ್ (ಉಲ್ಲೇಖದ ವಿವರಗಳನ್ನು ಜಾಲವಿಳಾಸದಲ್ಲಿ ಸಾಗಿಸುವ ಪ್ರಮಾಣಿತ ವಿಧಾನ) ರೂಪದಲ್ಲಿ ಜೋಡಿಸಿ. ಮುಂದೆ ಲಿಂಕ್ ರಿಸಾಲ್ವರ್ (ಆ ವಿವರಗಳಿಂದ ಲೇಖನ ಇರುವ ಕಡೆಗೆ ಕೊಂಡೊಯ್ಯುವ ತಂತ್ರಾಂಶ) ಬದಲಾದರೂ ಫಾರ್ಮ್ ಹಾಗೇ ಉಳಿಯುತ್ತದೆ. ಹುಡುಕುವ ಕ್ರಮ: ಡಿಒಐ ಇದ್ದರೆ ಅದು, ಇಲ್ಲದಿದ್ದರೆ ಐಎಸ್‌ಎಸ್‌ಎನ್, ಸಂಪುಟ, ಪುಟ, ಅದೂ ಸೋತರೆ ಅಂಟಿಸಿದ ಇಡೀ ಸಾಲನ್ನು ಕ್ರಾಸ್‌ರೆಫ್‌ಗೆ ಕೊಟ್ಟು ಬಂದ ಅಂದಾಜುಗಳನ್ನು ಅಂದಾಜು ಎಂದೇ ತೋರಿಸುವುದು. ಲೇಖನ ಗುರುತಾದರೂ ಚಂದಾದ ವರ್ಷಗಳೊಳಗೆ ಅದು ಬರುತ್ತದೆಯೇ ನೋಡಿ. ಬಾರದಿದ್ದರೆ ಕಪಾಟಿನ ಅಚ್ಚು ಸಂಪುಟ, ಅದೂ ಇಲ್ಲವಾದರೆ ಡೆಲ್‌ನೆಟ್‌ನಂಥ ಗ್ರಂಥಾಲಯ ಜಾಲದ ಮೂಲಕ ತರಿಸುವ ಕೋರಿಕೆ. ಆ ಕೋರಿಕೆಯ ಪುಟದಲ್ಲಿ ಎಲ್ಲ ವಿವರ ಮೊದಲೇ ತುಂಬಿರಬೇಕು. ಬಳಕೆದಾರರಿಂದ ಎರಡನೇ ಸಲ ಟೈಪ್ ಮಾಡಿಸಬಾರದು.

ಏನೂ ಸಿಗದ ಹುಡುಕಾಟಗಳನ್ನು ಬಳಕೆದಾರರ ಗುರುತು ಬಿಟ್ಟು ದಾಖಲಿಸಿಡಿ, ಅಂಟಿಸಿದ ಮೂಲರೂಪ ಮತ್ತು ಶುಚಿಯಾದ ರೂಪ ಎರಡನ್ನೂ. ಪರ್ಯಾಯ ಹೆಸರುಗಳ ಪಟ್ಟಿಗೆ ಮುಂದಿನ ನಮೂದುಗಳು ಸಿಗುವುದು ಅಲ್ಲೇ.